ತಲೆಯಾಡಿಸುವ ಕಾರು

ನಮ್ಮ ಹೊಸ ಕಾರಿನಲ್ಲಿ ಕೂತವರೆಲ್ಲ ನಾನು ಹೇಳಿದ್ದಕ್ಕೆ ಹೌದು ಹೌದು ಎಂದು ತಲೆಯಾಡಿಸುತ್ತಾರೆ. ಮನೆಯಲ್ಲಿ ನನಗೆ ಈ ಮರ್ಯಾದೆ ಇಲ್ಲ. ಬ್ರೇಕ್ ಮೇಲೆ ಕಾಲಿಟ್ಟರೆ ಸಾಕು, ಹೆಂಡತಿ, ಅಮ್ಮ, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ಮೂವರೂ ಒಟ್ಟಿಗೆ ಮುಂದಕ್ಕೆ ಬಾಗುತ್ತಾರೆ. ಗಣಪತಿಗೆ ಅಂಟು ಇದೆ. ಉಳಿದವರಿಗೆ ಸೀಟ್ ಬೆಲ್ಟ್.

ಹಳೆ ಕಾರಿನ ಬ್ರೇಕ್ ಹೀಗಿರಲಿಲ್ಲ. ಸರ್ಕಾರಿ ಕಚೇರಿಯ ಹಾಗೆ ಅದಕ್ಕೆ ಮೊದಲೇ ಅರ್ಜಿ ಕೊಟ್ಟಿರಬೇಕಿತ್ತು. ಕುವೆಂಪುನಗರದ ನಮ್ಮ ರಸ್ತೆಯಲ್ಲಿ ತರಕಾರಿ ಅಂಗಡಿ ಹತ್ತಿರ ಒತ್ತಿದರೆ ಮನೆ ಗೇಟಿನ ಹತ್ತಿರ ನಿಲ್ಲುತ್ತಿತ್ತು. ಅಷ್ಟು ವರ್ಷ ತುಳಿದು ತುಳಿದು ಗಟ್ಟಿಯಾದ ಬಲಗಾಲನ್ನೇ ಈ ಆಟೋಮ್ಯಾಟಿಕ್ ಕಾರಿಗೂ ತಂದಿದ್ದೇನೆ. ಬೇರೆ ಕಾಲು ಎಲ್ಲಿಂದ ತರಲಿ?

ಮೊದಲ ಸುಳಿವು ಸಿಕ್ಕಿದ್ದು ಚಾಮುಂಡಿ ಬೆಟ್ಟದಲ್ಲಿ. ಹೊಸ ಗಾಡಿ ಪೂಜೆ. ಕುಂಕುಮ, ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಅರ್ಚಕರು "ಮುಂದಕ್ಕೆ ಬಿಡಿ" ಎಂದರು. ಆಟೋಮ್ಯಾಟಿಕ್ ಗಾಡಿ ಬ್ರೇಕ್ ಬಿಟ್ಟರೆ ತಾನೇ ಮೆಲ್ಲಗೆ ತೆವಳುತ್ತದೆ. ತೆವಳಿತು. ಎದುರಿಗೆ ಜನ ಇದ್ದರಲ್ಲ, ಸುಮ್ನೆ ಕಾಲು ತಾಗಿಸಿದೆ. ಕಾರು ನಿಂಬೆಹಣ್ಣಿನ ಮೇಲೆ ಹತ್ತಿ ಅಲ್ಲೇ ನಿಂತಿತು. "ಸ್ವಾಮಿ, ಹಣ್ಣು ದಾಟಬೇಕು, ಅದರ ಮೇಲೆ ಕೂರಬಾರದು" ಎಂದರು ಅರ್ಚಕರು. ಮತ್ತೆ ಬಿಟ್ಟೆ, ಮತ್ತೆ ತಾಗಿಸಿದೆ. ನಿಂಬೆಹಣ್ಣು ಜ್ಯೂಸ್ ಆಯಿತು, ಗಾಡಿ ಮಾತ್ರ ಇದ್ದಲ್ಲೇ ಇತ್ತು. ಹಿಂದೆ ಪೂಜೆಗೆ ಕಾಯುತ್ತಿದ್ದ ಟಿಪ್ಪರ್‌ನವನು ಹಾರ್ನ್ ಹೊಡೆದ ಮೇಲೆ ಹೇಗೋ ದಾಟಿದೆ.

ಬೆಟ್ಟ ಇಳಿಯುವಷ್ಟರಲ್ಲಿ ಅಮ್ಮ ಮುಂದಿನ ಸೀಟಿನ ತಲೆದಿಂಬನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು. "ನಿಧಾನ ಕಣೋ, ನಿಲ್ಲಿಸೋದನ್ನಾದ್ರೂ ನಿಧಾನಕ್ಕೆ ನಿಲ್ಸು" ಎಂದರು. ಇಷ್ಟು ಖಚಿತವಾಗಿ ಆ ಕಾರಿನ ಕಾಯಿಲೆಯನ್ನು ಆಮೇಲೆ ಯಾರೂ ಹೇಳಲಿಲ್ಲ.

ಹೇಳಲು ಬಂದವರಿಗೇನೂ ಕಡಿಮೆ ಇರಲಿಲ್ಲ. ಎದುರು ಮನೆಯ ನಿವೃತ್ತ ಇಂಜಿನಿಯರ್ ಸಂಜೆ ವಾಕಿಂಗ್ ನಿಲ್ಲಿಸಿ ಬಂದರು. "ಎಬಿಎಸ್ ಕೆಲಸ ಇದು ಸಾರ್. ತೆಗೆಸಿಬಿಡಿ." 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ. ಅದಿರಲಿ, ಚಕ್ರ ಪೂರ್ತಿ ಲಾಕ್ ಆಗಿ ಜಾರುವ ಹಾಗಾದಾಗ ಮಾತ್ರ ಅದು ಎಚ್ಚರಾಗುವುದು. ತರಕಾರಿ ಅಂಗಡಿ ಮುಂದೆ ಅದು ನಿದ್ದೆಯಲ್ಲಿರುತ್ತದೆ. ಇದನ್ನು ಹೇಳಿದೆ. ಅವರು ಬೇಜಾರು ಮಾಡಿಕೊಂಡು ವಾಕಿಂಗ್ ಮುಂದುವರಿಸಿದರು.

ಕಾರಿನ ಜೊತೆ ಬಂದ ಪುಸ್ತಕ ತೆಗೆದೆ. ಮೊದಲ ಕೆಲವು ನೂರು ಕಿಲೋಮೀಟರ್ ಜೋರಾಗಿ ಬ್ರೇಕ್ ಹಾಕಬೇಡಿ, ಚಕ್ರದ ಜೊತೆ ತಿರುಗುವ ಡಿಸ್ಕ್ ಮತ್ತು ಅದನ್ನು ಒತ್ತಿ ಹಿಡಿಯುವ ಪ್ಯಾಡ್ ಒಂದಕ್ಕೊಂದು ಹೊಂದಿಕೊಳ್ಳಬೇಕು ಎಂದು ಬರೆದಿತ್ತು. ಜೋರಾಗಿ ಅಲ್ಲದೆ ಬೇರೆ ಥರ ಬ್ರೇಕ್ ಹಾಕಲು ಬಾರದ ಗಾಡಿಗೆ ಇದು ಒಳ್ಳೆ ಸಲಹೆ, ಅಲ್ವಾ?

ಸರ್ವಿಸ್ ಸೆಂಟರ್‌ಗೆ ಹೋದೆ. ಅಲ್ಲಿ ಬ್ರೇಕ್ ಹಿಡಿಯುತ್ತಿಲ್ಲ ಎಂದರೆ ತಕ್ಷಣ ಅರ್ಥವಾಗುತ್ತದೆ. ಜಾಸ್ತಿ ಹಿಡಿಯುತ್ತದೆ ಎಂದರೆ ನಿಮ್ಮನ್ನೇ ನೋಡುತ್ತಾರೆ. "ಎಡಗಾಲಲ್ಲಿ ಒತ್ತುತ್ತೀರಾ ಸಾರ್? ಗೇರ್ ಗಾಡಿ ಓಡಿಸಿದವರು ಕ್ಲಚ್ ಅಂದುಕೊಂಡು ಒತ್ತಿಬಿಡುತ್ತಾರೆ" ಎಂದ ಹುಡುಗ. ಇಲ್ಲಪ್ಪ, ಎಡಗಾಲು ರಜೆಯಲ್ಲಿದೆ ಎಂದೆ. ಅವನು ರಿಂಗ್ ರೋಡ್‌ನಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದು ಜಾಬ್ ಕಾರ್ಡ್‌ನಲ್ಲಿ ಎಲ್ಲ ಓಕೆ ಎಂದು ಬರೆದ. ರಿಂಗ್ ರೋಡ್‌ನಲ್ಲಿ ಓಕೆಯೇ. ನಮ್ಮ ಬಡಾವಣೆಗೆ ಬಂದು ಓಡಿಸಬೇಕಿತ್ತು. ರಸ್ತೆಯ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇದ್ದರೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬಹುದು ಎಂದು ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕ ಹಾಕಿ ಇಟ್ಟಿದೆ. ನಮ್ಮ ಬೀದಿಯ ಉಬ್ಬುಗಳನ್ನು ಅಳತೆ ಟೇಪ್ ಹಿಡಿದವರು ಯಾರೂ ಹಾಕಿಲ್ಲ. ಅವನ್ನು ಹಾಕಿದ್ದು ಮಿಕ್ಕಿದ ಜಲ್ಲಿ. ಹಾಗಾಗಿ ಹೆಜ್ಜೆ ಹೆಜ್ಜೆಗೂ ಬ್ರೇಕ್, ಹೆಜ್ಜೆ ಹೆಜ್ಜೆಗೂ ಕುಟುಂಬದ ನಮಸ್ಕಾರ.

ಕೊನೆಗೆ ಅಗ್ರಹಾರದ ನಮ್ಮ ಹಳೆ ಗ್ಯಾರೇಜಿನವರೇ ಗತಿ. ಅವರು ಎಂಜಿನ್ ಆಫ್ ಮಾಡಿಸಿ ಪೆಡಲನ್ನು ಪದೇ ಪದೇ ಒತ್ತಿಸಿದರು. ಕಲ್ಲಿನ ಹಾಗೆ ಗಟ್ಟಿಯಾಯಿತು. ಕಾಲು ಅಲ್ಲೇ ಇರಲಿ, ಸ್ಟಾರ್ಟ್ ಮಾಡಿ ಎಂದರು. ಪೆಡಲ್ ಸ್ವಲ್ಪ ಕೆಳಗಿಳಿಯಿತು. "ಬೂಸ್ಟರ್ ಚೆನ್ನಾಗಿದೆ. ಬಾನೆಟ್ ಒಳಗೆ ದುಂಡಗೆ ಕರಿ ಡಬ್ಬ ಇದೆಯಲ್ಲ, ಅದೇ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುತ್ತಲ್ಲ, ಆ ವ್ಯಾಕ್ಯೂಮ್ ಇಟ್ಕೊಂಡು ನಿಮ್ಮ ಕಾಲಿನ ಬಲಾನ ಜಾಸ್ತಿ ಮಾಡುತ್ತೆ. ಇದರಲ್ಲಿ ಮೊದಲ ಅರ್ಧ ಇಂಚಲ್ಲೇ ಜಾಸ್ತಿ ಕೊಡೋ ಹಾಗೆ ಮಾಡಿದ್ದಾರೆ." ಯಾಕೆ ಹಾಗೆ ಎಂದೆ. "ಶೋರೂಮಲ್ಲಿ ಒಂದು ಸುತ್ತು ಓಡಿಸಿದೋರು ಏನು ಬ್ರೇಕಪ್ಪಾ ಅನ್ನಬೇಕಲ್ಲ ಸಾರ್." ನನಗಂತೂ ಇದೇ ಸರಿ ಎನ್ನಿಸಿತು. ನಾನೂ ಶೋರೂಮಿನಲ್ಲಿ ಹಾಗೇ ಅಂದಿದ್ದೆ.

ಬೆಳಗಿನ ಹೊತ್ತು ಇನ್ನೂ ಜಾಸ್ತಿ ಕಚ್ಚುವುದಕ್ಕೂ ಅವರ ಹತ್ತಿರ ಉತ್ತರ ಇತ್ತು. ಡಿಸ್ಕ್ ಬೀಡುಕಬ್ಬಿಣ. ಮಳೆಗಾಲದಲ್ಲಿ ರಾತ್ರಿ ತೇವಕ್ಕೆ ಮೇಲೆ ತೆಳ್ಳಗೆ ತುಕ್ಕು ಕೂರುತ್ತದೆ. ಮೊದಲ ಬ್ರೇಕಿಗೆ ಗರ್ ಎಂದು ಹಿಡಿಯುತ್ತದೆ, ನಾಲ್ಕಾರು ಸಲ ಒತ್ತಿದರೆ ಉಜ್ಜಿ ಹೋಗುತ್ತದೆ. ಆಮೇಲೆ ಬಗ್ಗಿ ನನ್ನ ಕಾಲು ನೋಡಿದರು. ಮಗಳು ಹುಟ್ಟುಹಬ್ಬಕ್ಕೆ ಕೊಡಿಸಿದ ವಾಕಿಂಗ್ ಶೂ. ಅಟ್ಟೆಯೇ ಇಟ್ಟಿಗೆಯಷ್ಟು ದಪ್ಪ. "ಇದನ್ನ ಹಾಕ್ಕೊಂಡ್ರೆ ಪೆಡಲ್ ಎಲ್ಲಿದೆ ಅಂತ ಕಾಲಿಗೆ ಗೊತ್ತಾಗಲ್ಲ. ಸೀಟು ಒಂದು ಹಲ್ಲು ಹಿಂದಕ್ಕೆ ಹಾಕಿ. ಹಿಮ್ಮಡಿ ನೆಲದ ಮೇಲೆ ಊರಿ, ಬೆರಳಲ್ಲಿ ಒತ್ತಿ." ದುಡ್ಡು ತೆಗೆದುಕೊಳ್ಳಲಿಲ್ಲ. ಟೀ ತರಿಸಿದರು.

ಹೀಗಾಗಿ ಈ ವಯಸ್ಸಿನಲ್ಲಿ ನಾನು ಶಾಲೆ ಮಕ್ಕಳ ಪಿ.ಟಿ. ಶೂ ಹಾಕಿಕೊಂಡು ಕಾರು ಓಡಿಸುತ್ತೇನೆ. ಬಿಳಿ ಕ್ಯಾನ್ವಾಸ್, ತೆಳ್ಳನೆ ಅಟ್ಟೆ. ಮದುವೆ ಮನೆಗೆ ಪಂಚೆ, ಶಲ್ಯ, ಕೆಳಗೆ ಪಿ.ಟಿ. ಶೂ. ಹೆಂಡತಿ ಇಳಿದು ಹತ್ತು ಹೆಜ್ಜೆ ಮುಂದೆ ನಡೆಯುತ್ತಾಳೆ. ತಲೆಯಾಡಿಸುವುದು ಮುಕ್ಕಾಲು ಪಾಲು ನಿಂತಿದೆ. ಪೂರ್ತಿ ನಿಂತಿಲ್ಲ.

ಮೊನ್ನೆ ಹಾಸನದಿಂದ ಭಾಮೈದ ಬಂದಿದ್ದ. ಕೊಡಿ ಭಾವ, ಓಡಿಸಿ ನೋಡ್ತೀನಿ ಎಂದ. ಇಪ್ಪತ್ತು ವರ್ಷ ಗೇರ್ ಗಾಡಿ ಓಡಿಸಿದವನು. ಮೊದಲ ಉಬ್ಬು ಬಂತು. ಅಭ್ಯಾಸಬಲದಿಂದ ಅವನ ಎಡಗಾಲು ಕ್ಲಚ್ ಹುಡುಕಿಕೊಂಡು ಹೋಗಿ ಬ್ರೇಕನ್ನು ಕ್ಲಚ್ಚಿನ ಹಾಗೆ ಬುಡದವರೆಗೂ ತುಳಿಯಿತು. ಅಮ್ಮನ ತೊಡೆ ಮೇಲಿದ್ದ ಬಿಸಿಬೇಳೆಬಾತಿನ ಡಬ್ಬ ಮುಂದಿನ ಸೀಟಿಗೆ ಬಂತು, ಮುಚ್ಚಳ ಬೇರೆಯಾಗಿ. ಅಂಟು ಬಿಟ್ಟು ಗಣಪತಿಯೂ ಕೆಳಗಿಳಿದ. ಭಾಮೈದ ಮಾತ್ರ ಸ್ಟೀರಿಂಗ್ ತಟ್ಟಿ "ಏನು ಬ್ರೇಕ್ ಭಾವ ಇದು!" ಎಂದ. ಊರಿಗೆ ಹೋದವನೇ ಅದೇ ಕಾರು ಬುಕ್ ಮಾಡಿದ.

ಗಾಡಿ ಕೈಗೆ ಬಂದ ಮಾರನೇ ದಿನ ಫೋನ್ ಬಂತು.

"ಭಾವ, ಆ ಪಿ.ಟಿ. ಶೂ ಯಾವ ಅಂಗಡೀಲಿ ತಗೊಂಡ್ರಿ?"