ಬಳ್ಳಾರಿ ಜಾಲಿಯನ್ನು ಇದ್ದಿಲು ಮಾಡಿ ಮುಗಿಸಲಾದೀತೆ?

ಹುಲ್ಲುಗಾವಲನ್ನು ನುಂಗುವ ಹೊರನಾಡಿನ ಮುಳ್ಳುಗಿಡ ಬಳ್ಳಾರಿ ಜಾಲಿಯನ್ನು ಕಡಿಯಿರಿ, ಇದ್ದಿಲು ಸುಟ್ಟು ಮಾರಿ, ಬಡವರಿಗೆ ದುಡಿಮೆಯೂ ಆಯಿತು, ನೆಲಕ್ಕೆ ಬಿಡುಗಡೆಯೂ ಆಯಿತು ಅನ್ನುವ ವಾದ ಆಗಾಗ ಕಣ್ಣಿಗೆ ಬೀಳುತ್ತದೆ. ಕೇಳಲು ಸೊಗಸಾಗಿದೆ, ನನಗೆ ಮಾತ್ರ ಒಪ್ಪಿಗೆಯಿಲ್ಲ.

ಈ ಗಿಡದ ಜೀವ ಇರುವುದು ಮಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ. ಅಲ್ಲಿನ ಮೊಗ್ಗು ಉಳಿದರೆ ಒಂದು ಕಾಂಡ ಕಡಿದಲ್ಲಿ ಹಲವು ಚಿಗುರು ಏಳುತ್ತವೆ. ಇದ್ದಿಲು ಸುಡುವವನಿಗೆ ಬೇಕಾದದ್ದು ಮೇಲಿನ ಕಟ್ಟಿಗೆ. ಬುಡ ಅಗೆಯಲು ಹೊರಟರೆ ಕೂಲಿ ಗಿಟ್ಟುವುದಿಲ್ಲ. ಬಿಟ್ಟರೆ ಕೆಲವೇ ವರ್ಷದಲ್ಲಿ ಮತ್ತೊಂದು ಫಸಲು. ಹಾಲು ಕೊಡುವ ಹಸುವನ್ನು ಯಾರು ಕಡಿಯುತ್ತಾರೆ? ಅವನದು ತಪ್ಪಲ್ಲ, ಲೆಕ್ಕವೇ ಹಾಗಿದೆ.

ಗುಜರಾತಿನ ಕಛ್‌ನ ಬನ್ನಿ ಹುಲ್ಲುಗಾವಲಿನಲ್ಲಿ ಇದನ್ನು ನೆಟ್ಟದ್ದು ಅರಣ್ಯ ಇಲಾಖೆ, 1961ರಲ್ಲಿ. ಪಕ್ಕದ ಉಪ್ಪುಮರುಭೂಮಿ ರಣ್‌ನ ಉಪ್ಪು ಒಳನುಗ್ಗದಂತೆ ತಡೆಯುವ ಉದ್ದೇಶ. ಸುಮಾರು 2,500 ಚದರ ಕಿಲೋಮೀಟರಿನ ಆ ಬಯಲಲ್ಲಿ ಮಾಲ್ಧಾರಿಗಳೆಂಬ ಪಶುಪಾಲಕರ ದನ, ಎಮ್ಮೆಗಳು ಮೇಯುತ್ತಿದ್ದವು. ಮರವಿಲ್ಲದ ನೆಲವೆಲ್ಲ ಪಾಳು ಎಂದು ನೋಡುವ ಕಣ್ಣಿಗೆ ಹುಲ್ಲು ಒಂದು ಆಸ್ತಿಯಾಗಿ ಕಾಣುವುದೇ ಇಲ್ಲ. (ಈ ಕಾಯಿಲೆ ಇನ್ನೂ ವಾಸಿಯಾಗಿಲ್ಲ, ಸಸಿ ನೆಡುವ ದಿನಾಚರಣೆಗಳನ್ನು ನೋಡಿ.) ಸಿಹಿಯಾದ ಕಾಯಿಯನ್ನು ಜಾನುವಾರು ತಿಂದವು, ಗಟ್ಟಿ ಬೀಜ ಸಗಣಿಯೊಂದಿಗೆ ಹೊರಬಂದು ಮೊಳೆಯಿತು. ಮೇವು ಕಳೆದುಕೊಂಡ ಮಂದೆಯೇ ಜಾಲಿಯನ್ನು ಬಿತ್ತುತ್ತಾ ಹೋಯಿತು.

ಕೀನ್ಯಾದ ಬರಿಂಗೊ ಪ್ರದೇಶಕ್ಕೆ ಇದು ಬಂದದ್ದು 1980ರ ದಶಕದಲ್ಲಿ, ಉರುವಲು ಯೋಜನೆಯಾಗಿ. ಕಾಯಿ ತಿಂದು ಮೇಕೆಗಳ ಹಲ್ಲು ಹಾಳಾದವು. ಅಲ್ಲಿನ ಇಲ್‌ಚಾಮಸ್ ಸಮುದಾಯ ಸರ್ಕಾರದ ವಿರುದ್ಧ ದಾವೆ ಹೂಡಿ, ಹಲ್ಲಿಲ್ಲದ ಮೇಕೆಯೊಂದನ್ನು ನ್ಯಾಯಾಲಯಕ್ಕೇ ಕರೆತಂದಿತು. ಅದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು!

ಲಾಭವನ್ನೂ ಬಿಡದೆ ಪಿಡುಗನ್ನೂ ಕಳೆಯುವ ಆಸೆ ಏನಾಗುತ್ತದೆ ಎಂಬುದು ದಕ್ಷಿಣ ಆಫ್ರಿಕಾದಲ್ಲಿ ಇದೇ ಕುಲದ ಜಾಲಿಗಳ ವಿಷಯದಲ್ಲಿ ಕಾಣುತ್ತದೆ. ಕಾಯಿ ಮೇವಾಗುತ್ತದೆ ಎಂಬ ಕಾರಣಕ್ಕೆ ಗಿಡವನ್ನೇ ಕೊಲ್ಲುವ ಕೀಟ ಬೇಡವೆಂದು, ಬೀಜ ತಿನ್ನುವ ದುಂಬಿಯನ್ನಷ್ಟೇ 1980ರ ದಶಕದ ಕೊನೆಗೆ ಬಿಟ್ಟರು. ದುಂಬಿ ತಲುಪುವ ಮೊದಲೇ ದನಕುರಿಗಳು ಕಾಯಿ ನುಂಗಿದವು. ಜಾಲಿ ಹಬ್ಬುತ್ತಲೇ ಇತ್ತು.

ಹಾಗೆಂದು ಇದ್ದಿಲನ್ನು ನಿಷೇಧಿಸಿ ಎನ್ನುತ್ತಿಲ್ಲ. ಅದನ್ನೇ ನಂಬಿದ ಕುಟುಂಬಗಳ ಹೊಟ್ಟೆಯ ಮೇಲೆ ಹೊಡೆದು ಸಂರಕ್ಷಣೆ ಮಾಡುವುದು ನಾಚಿಕೆಗೇಡು. ಆದರೆ ಸರ್ಕಾರದ ದುಡ್ಡು ಕಡಿದ ಕಟ್ಟಿಗೆಯ ತೂಕಕ್ಕೆ ಹೋಗಬಾರದು, ಮರಳಿ ಬಂದ ಹುಲ್ಲಿಗೆ ಹೋಗಬೇಕು. ಬುಡಸಹಿತ ಕಿತ್ತ ಜಾಗಕ್ಕೆ ಮೇಯಿಸದೆ ಬಿಡುವು ಕೊಡಬೇಕು, ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುವ ಬೀಜ ಮೊಳೆತಂತೆಲ್ಲ ಕೀಳಬೇಕು. ಕೂಲಿಯ ಕಂತು ಹೀಗೆ ಕೀಳಬೇಕಾದ ಮಳೆಗಾಲಗಳ ಉದ್ದಕ್ಕೂ ಬರಬೇಕು, ಒಂದೇ ಸಲ ಕೊಟ್ಟು ಕೈತೊಳೆದುಕೊಂಡರೆ ಆಗದು. ಯಾವ ಜಾಗ, ಎಷ್ಟು ಬಿಡುವು ಎಂಬುದನ್ನು ಅಲ್ಲಿ ಮಂದೆ ಮೇಯಿಸುವವರೇ ತೀರ್ಮಾನಿಸಲಿ.

ಇದ್ದಿಲಿನ ವ್ಯಾಪಾರಿ ಹೋಗುವುದು ಕಟ್ಟಿಗೆ ದಟ್ಟವಾಗಿರುವ ಕಡೆಗೆ. ಜಾಲಿ ಹೊಸದಾಗಿ ಕಾಲಿಡುತ್ತಿರುವ ಅಂಚಿನಲ್ಲಿ, ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಎದ್ದ ಗೇಣುದ್ದದ ಸಸಿಯಿಂದ ಅವನಿಗೆ ಬಿಡಿಗಾಸೂ ಇಲ್ಲ. ಕಡಿಮೆ ಖರ್ಚಿನಲ್ಲಿ ಗೆಲ್ಲಬಹುದಾದದ್ದು ಅಲ್ಲೇ. ಮೊದಲ ಕೂಲಿ ಆ ಸಸಿ ಕೀಳುವವರಿಗೆ ಹೋಗಲಿ, ದಟ್ಟ ಪೊದೆಗಳ ಸರದಿ ಆಮೇಲೆ.