ಕ್ಯಾಂಪಸ್ ಲೈಂಗಿಕ ಕಿರುಕುಳ: ದೂರಿಗಿರುವ ಮೂರು ತಿಂಗಳ ಗಡುವನ್ನು ಕೈಬಿಡಬೇಕೇ?

ಪರ: ಅಂಕಪಟ್ಟಿ ಬರುವ ಮೊದಲೇ ಬಾಗಿಲು ಮುಚ್ಚುತ್ತದೆ
(ಲೇಖಕಿ ಪದವಿ ಕಾಲೇಜಿನ ನಿವೃತ್ತ ಅಧ್ಯಾಪಕಿ)

ಆ ಹುಡುಗಿ ನನ್ನ ಮನೆಗೆ ಬಂದದ್ದು ಫಲಿತಾಂಶ ಪ್ರಕಟವಾದ ಮೂರನೆಯ ದಿನ. ಸಿಹಿ ಕೊಡಲು ಬಂದಿದ್ದಾಳೆ ಎಂದುಕೊಂಡೆ. ಕುಳಿತು, ನೀರು ಕುಡಿದು, ಅಂಕಪಟ್ಟಿಯ ಪ್ರತಿಯನ್ನು ಮೇಜಿನ ಮೇಲಿಟ್ಟಳು. "ಮೇಡಂ, ಈಗ ಹೇಳಬಹುದಲ್ಲವೇ? ಇನ್ನು ನನ್ನದೇನೂ ಅವರ ಕೈಯಲ್ಲಿಲ್ಲ" ಎಂದಳು.

ಅವಳು ಹೇಳಿದ ವ್ಯಕ್ತಿ ನನ್ನ ಸಹೋದ್ಯೋಗಿ. ವರ್ಷಗಟ್ಟಲೆ ಒಂದೇ ಕೊಠಡಿಯಲ್ಲಿ ಎದುರುಬದುರು ಕುಳಿತು ಚಹಾ ಕುಡಿದವರು. ಅವಳ ಪ್ರಾಜೆಕ್ಟ್‌ಗೆ ಮಾರ್ಗದರ್ಶಕರಾಗಿದ್ದರು. ಸಂಜೆ ಎಲ್ಲರೂ ಹೋದ ಮೇಲೆ ಕರಡು ತಿದ್ದಲು ಕರೆಯುತ್ತಿದ್ದರು. ಏನು ನಡೆಯಿತೆಂದು ಬರೆಯುವ ಹಕ್ಕು ಅವಳದು, ನನ್ನದಲ್ಲ. ನಡೆದು ಎಂಟು ತಿಂಗಳಾಗಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ಮರುದಿನ ಅವಳೊಡನೆ ಆಂತರಿಕ ದೂರು ಸಮಿತಿಯ ಅಧ್ಯಕ್ಷೆಯ ಬಳಿಗೆ ಹೋದೆ. ಅವರೂ ಒಳ್ಳೆಯವರೇ. ಅರ್ಜಿಯನ್ನು ಎರಡು ಸಲ ಓದಿದರು. ಆಮೇಲೆ ನಿಯಮಾವಳಿ ತೆರೆದು ಸಾಲೊಂದನ್ನು ತೋರಿಸಿದರು: ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಮತ್ತೆ ಮೂರು ತಿಂಗಳು ಕೊಡಬಹುದು. ಅಲ್ಲಿಗೆ ಮುಗಿಯಿತು. ಅರ್ಜಿ ವಾಪಸು ನಮ್ಮ ಕೈಗೇ ಬಂತು.

ಈ ಸಾಲು ಎಲ್ಲಿಂದ ಬಂತು? ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪಿನ ನಂತರ ಹದಿನಾರು ವರ್ಷ ಕಾದು ಪಡೆದ 2013ರ ಕಾಯ್ದೆಯಿಂದ. ಅದು ಕೆಲಸದ ಸ್ಥಳದ ಮಹಿಳೆಯರಿಗಾಗಿ ಬಂದ ಕಾಯ್ದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತನ್ನ 2015ರ ನಿಯಮಾವಳಿಯಲ್ಲಿ ಅದೇ ಗಡುವನ್ನು ವಿದ್ಯಾರ್ಥಿನಿಯರಿಗೂ ಹಾಗೆಯೇ ಇಳಿಸಿತು. ಒಂದು ಸೆಮಿಸ್ಟರ್ ಎಷ್ಟು ದಿನದ್ದು ಎಂದು ಯಾರಾದರೂ ಲೆಕ್ಕ ಹಾಕಿದ್ದರೇ? ಪಾಠಕ್ಕೇ ಸುಮಾರು ನಾಲ್ಕು ತಿಂಗಳು, ಅದರ ಮೇಲೆ ಪರೀಕ್ಷೆ, ಮೌಲ್ಯಮಾಪನ, ಫಲಿತಾಂಶ. ಆಂತರಿಕ ಅಂಕ ಕೊಡುವವನ ಮೇಲೆ ದೂರು ಕೊಡಬೇಕಾದವಳು ಅಂಕ ಕೈಸೇರುವ ಮೊದಲೇ ಬಾಯಿ ಬಿಡಬೇಕು, ಇಲ್ಲವೇ ಎಂದೆಂದಿಗೂ ಸುಮ್ಮನಿರಬೇಕು. ಪಿಎಚ್‌.ಡಿ. ಮಾಡುವವಳ ಪಾಡು ಇನ್ನೂ ಕಷ್ಟ. ಶಿಷ್ಯವೇತನದ ಅರ್ಜಿಗೂ ಪ್ರಬಂಧಕ್ಕೂ ವರ್ಷಗಟ್ಟಲೆ ಒಬ್ಬನೇ ಸಹಿ ಹಾಕಬೇಕು.

ವಿದ್ಯಾರ್ಥಿನಿಯ ಮಾತು ಬಿಡಿ. ಕೋಲ್ಕತ್ತದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಅಧ್ಯಾಪಕಿಯೊಬ್ಬರು ಕುಲಪತಿಯ ವಿರುದ್ಧ ಕೊಟ್ಟ ದೂರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಯ ಘಟನೆ 2023ರ ಏಪ್ರಿಲ್‌ನದು, ದೂರು ಡಿಸೆಂಬರ್‌ನದು. ಕಾಲಮಿತಿ ಮೀರಿದೆ ಎಂದು 2025ರ ಸೆಪ್ಟೆಂಬರ್ 12ರಂದು ನ್ಯಾಯಾಲಯ ಹೇಳಿತು. ಆದರೂ ಆ ತೀರ್ಪನ್ನು ಕುಲಪತಿಯ ಸ್ವವಿವರದಲ್ಲಿ ಸೇರಿಸಬೇಕೆಂದು ಆದೇಶಿಸಿತು. ವಿಚಾರಣೆ ಮಾತ್ರ ನಡೆಯಲಿಲ್ಲ. ಕಾನೂನು ಕಲಿಸುವವರೇ ಆರು ತಿಂಗಳೊಳಗೆ ಬರಲಾಗಲಿಲ್ಲ ಎಂದರೆ ಹತ್ತೊಂಬತ್ತು ವರ್ಷದ ಹುಡುಗಿಯಿಂದ ನಾವು ಕೇಳುತ್ತಿರುವುದು ಏನನ್ನು?

ನೆನಪು ಮಾಸುತ್ತದೆ, ಸಾಕ್ಷ್ಯ ಕರಗುತ್ತದೆ ಎನ್ನುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನ ಬಂತೆಂದರೆ ಹಿಂದಿನ ಐದು ವರ್ಷಗಳಲ್ಲಿ ಗಿಡ ನೆಟ್ಟ ಫೋಟೊಗಳನ್ನೂ ಹುಡುಕಿ ಜೋಡಿಸುವ ಕಾಲೇಜುಗಳು ಇವು. ಎಂಟು ತಿಂಗಳ ಹಿಂದಿನ ಹಾಜರಿ ಪುಸ್ತಕ, ಮೊಬೈಲ್ ಸಂದೇಶ ಸಿಗುವುದಿಲ್ಲವೇ? ಮೂರು ವರ್ಷದವರೆಗೆ ಶಿಕ್ಷೆ ಇರುವ ಅಪರಾಧವನ್ನು ಕ್ರಿಮಿನಲ್ ನ್ಯಾಯಾಲಯ ಅದು ನಡೆದ ಮೂರು ವರ್ಷದವರೆಗೂ ಪರಿಗಣಿಸುತ್ತದೆ. ಅತ್ಯಾಚಾರಕ್ಕೆ ಗಡುವೇ ಇಲ್ಲ. ಜೈಲಿಗೆ ಕಳಿಸಬಲ್ಲ ನ್ಯಾಯಾಲಯಕ್ಕೆ ಇಲ್ಲದ ಅವಸರ ಕಾಲೇಜಿನ ಸಮಿತಿಗೆ ಏಕೆ?

ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರನ್ನು ನಾನು ಬಲ್ಲೆ. ಅವರಿಗೆ ಮೇಷ್ಟರಿಗಿಂತ ಹೆಚ್ಚಿನ ಭಯ ಅಪ್ಪನ ಒಂದು ಮಾತಿನದು: "ಓದಿದ್ದು ಸಾಕು, ಮನೆಗೆ ಬಾ." ಪ್ರೀತಿಸಿದವನೇ ಹೊಡೆದಾಗ, ಬಿಟ್ಟು ಹೋದರೆ ಫೋಟೊ ಹಂಚುತ್ತೇನೆ ಎಂದು ಹೆದರಿಸಿದಾಗ ಬಾಯಿ ಇನ್ನೂ ಕಟ್ಟುತ್ತದೆ, ಏಕೆಂದರೆ ಪ್ರೀತಿಸಿದ್ದನ್ನೇ ಮೊದಲು ಒಪ್ಪಿಕೊಳ್ಳಬೇಕು. ಮೂರು ತಿಂಗಳಲ್ಲಿ ಅವರು ಮಾಡಬಹುದಾದ ದೊಡ್ಡ ಕೆಲಸವೆಂದರೆ ಒಬ್ಬ ಗೆಳತಿಗೆ ಹೇಳುವುದು.

ವಾಪಸು ಬಂದ ಆ ಅರ್ಜಿ ನನ್ನ ಬೀರುವಿನಲ್ಲಿದೆ. ನಾನು ನಿವೃತ್ತಳಾದ ವರ್ಷ ಸೂಚನಾ ಫಲಕದಲ್ಲಿ ಪ್ರಾಜೆಕ್ಟ್ ಹಂಚಿಕೆಯ ಪಟ್ಟಿ ಹಾಕಿದ್ದರು. ಆ ಸಹೋದ್ಯೋಗಿಯ ಹೆಸರಿನ ಕೆಳಗೆ ಏಳು ಹುಡುಗಿಯರ ಹೆಸರುಗಳಿದ್ದವು.

ವಿರೋಧ: ಗಡುವು ಕಾಲೇಜನ್ನೂ ಕಟ್ಟಿಹಾಕುತ್ತದೆ
(ಲೇಖಕರು ವಕೀಲರು, ಕಾಲೇಜೊಂದರ ದೂರು ಸಮಿತಿಯಲ್ಲಿ ಹೊರಗಿನ ಸದಸ್ಯರಾಗಿದ್ದವರು)

ಈ ಪಕ್ಷ ಹಿಡಿದು ಬರೆಯಿರಿ ಎಂದು ಸಂಪಾದಕರು ಕೇಳಿದಾಗ ಒಂದು ದಿನ ಸಮಯ ಕೇಳಿದೆ. ಮೂರು ತಿಂಗಳು ಕಡಿಮೆ ಎಂಬುದು ನನಗೂ ಅನಿಸುತ್ತದೆ. ಒಂದು ವರ್ಷ ಮಾಡಿದರೆ ನನ್ನ ಆಕ್ಷೇಪವಿಲ್ಲ. ಗಡುವೇ ಬೇಡ ಎಂಬುದನ್ನು ಮಾತ್ರ ಒಪ್ಪಲಾರೆ.

ದೂರು ಸಮಿತಿ ನ್ಯಾಯಾಲಯವಲ್ಲ. ಅದಕ್ಕೆ ತನಿಖಾಧಿಕಾರಿ ಇಲ್ಲ, ವಿಧಿವಿಜ್ಞಾನ ಪ್ರಯೋಗಾಲಯವಿಲ್ಲ. ಪಾಠ ಮಾಡಿ ಬಂದ ಅಧ್ಯಾಪಕರು, ಕಚೇರಿ ಸಿಬ್ಬಂದಿ, ಚುನಾಯಿತ ವಿದ್ಯಾರ್ಥಿಗಳು, ಹೊರಗಿನ ಒಬ್ಬರು ಸೇರಿ ತೊಂಬತ್ತು ದಿನದಲ್ಲಿ ವಿಚಾರಣೆ ಮುಗಿಸಬೇಕು. ಅವರ ವರದಿ ಮೇಲಿನ ನ್ಯಾಯಾಲಯದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗೋವಾ ವಿಶ್ವವಿದ್ಯಾಲಯದ ಪ್ರಕರಣ ಇದೆ. 2009ರಲ್ಲಿ ವಿದ್ಯಾರ್ಥಿನಿಯರು ವಿಭಾಗದ ಮುಖ್ಯಸ್ಥರ ಮೇಲೆ ದೂರು ಕೊಟ್ಟರು, ಅವರು ವಜಾ ಆದರು. ಸಮಿತಿ ಅವಸರ ಮಾಡಿತು, ಪ್ರತಿವಾದಕ್ಕೆ ನ್ಯಾಯಯುತ ಅವಕಾಶ ಸಿಗಲಿಲ್ಲ ಎಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನು ಮತ್ತೆ ಸಮಿತಿಗೇ ಕಳಿಸಿತು. ಹದಿನಾಲ್ಕು ವರ್ಷ ಕಳೆದಿತ್ತು. ದುರ್ಬಲ ವಿಚಾರಣೆಯ ಬೆಲೆ ತೆರುವವರು ದೂರು ಕೊಟ್ಟವರೇ.

ಇನ್ನೊಂದು ಮಾತು. ಗಡುವು ಇರುವುದರಿಂದಲೇ ಪ್ರಾಂಶುಪಾಲರು "ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ" ಎನ್ನಲು ಹಿಂಜರಿಯುತ್ತಾರೆ. ಗಡುವನ್ನು ಕಿತ್ತರೆ ಆ 'ಆಮೇಲೆ'ಗೆ ಕೊನೆಯೇ ಇರುವುದಿಲ್ಲ. ಅಂಕದ ಭಯಕ್ಕೆ ಪರಿಹಾರ ಈಗಿನ ನಿಯಮಾವಳಿಯಲ್ಲೇ ಇದೆ: ದೂರು ಬಂದ ಕೂಡಲೇ ಆರೋಪಿ ಆಕೆಯ ಪರೀಕ್ಷೆ, ಮೌಲ್ಯಮಾಪನಕ್ಕೆ ಕೈಹಾಕದಂತೆ ಸಮಿತಿ ತಡೆಯಬಹುದು. ಒಡಿಶಾದ ಬಾಲೇಶ್ವರದ ಕಾಲೇಜು ವಿದ್ಯಾರ್ಥಿನಿ ದೂರು ಕೊಟ್ಟಿದ್ದಳು. ದೂರಿಗೆ ತಕ್ಕ ಕ್ರಮ ಕಾಣದೆ 2025ರ ಜುಲೈನಲ್ಲಿ ಪ್ರಾಣ ಕಳೆದುಕೊಂಡಳು. ಅಲ್ಲಿ ಸೋತದ್ದು ಸಂಸ್ಥೆ, ಕ್ಯಾಲೆಂಡರ್ ಅಲ್ಲ.

ನೆರವಿಗಂತೂ ಗಡುವಿಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಯಾವಾಗ ಬೇಕಾದರೂ ಕರೆ ಮಾಡಬಹುದು. ನೊಂದ ಮಹಿಳೆಯರಿಗೆ ನೆರವಾಗುವ 'ಸಖಿ' ಕೇಂದ್ರಗಳಿವೆ. ಕಾಲೇಜು ಇವುಗಳ ಹೆಸರನ್ನು ಗುರುತಿನ ಚೀಟಿಯ ಹಿಂದೆಯೇ ಅಚ್ಚು ಹಾಕಿಸಲಿ.

ಒಂದು ಪ್ರಕರಣ ನನ್ನನ್ನು ಈಗಲೂ ಕಾಡುತ್ತದೆ. ವಿದ್ಯಾರ್ಥಿನಿ ಐದನೆಯ ತಿಂಗಳಲ್ಲಿ ಬಂದಳು. ವಿಳಂಬವನ್ನು ನಾವು ಮನ್ನಿಸಿದೆವು. ಕ್ಯಾಮೆರಾದ ದೃಶ್ಯ ಎಂದೋ ಅಳಿಸಿಹೋಗಿತ್ತು. ಸಾಕ್ಷಿಯಾಗಿದ್ದ ಇಬ್ಬರು ಗೆಳತಿಯರಲ್ಲಿ ಒಬ್ಬಳು ಪುಣೆಯಲ್ಲಿ ಕೆಲಸಕ್ಕೆ ಸೇರಿದ್ದಳು, ಇನ್ನೊಬ್ಬಳಿಗೆ ಮದುವೆಯಾಗಿತ್ತು. ವಿಡಿಯೊ ಕರೆಯಲ್ಲಿ ಇಬ್ಬರೂ "ಸರಿಯಾಗಿ ನೆನಪಿಲ್ಲ ಸರ್" ಎಂದರು. ಆ ಸಂಜೆ ಅವಳು ಅಳುತ್ತಾ ಓಡಿ ಬಂದದ್ದನ್ನು ಕಂಡಿದ್ದ ಕಾವಲುಗಾರನ ಗುತ್ತಿಗೆ ಮುಗಿದಿತ್ತು, ಅವನ ಊರು ಯಾವುದೆಂದು ಏಜೆನ್ಸಿಗೂ ತಿಳಿದಿರಲಿಲ್ಲ. ಸಮಿತಿಯಲ್ಲಿ ಎಲ್ಲರೂ ಅವಳ ಮಾತನ್ನು ನಂಬಿದ್ದೆವು. ವರದಿಯಲ್ಲಿ ಮಾತ್ರ "ಆರೋಪ ಸಾಬೀತಾಗಿಲ್ಲ" ಎಂದು ಬರೆದು ಸಹಿ ಹಾಕಿದೆವು. ಅವಳು ಎರಡು ತಿಂಗಳು ಮೊದಲು ಬಂದಿದ್ದರೆ ಆ ಕಾವಲುಗಾರ ಇನ್ನೂ ಗೇಟಿನಲ್ಲೇ ಇರುತ್ತಿದ್ದ.