ಮುದ್ದೆಮಾಲು: ಬದನಿ ಗಿಡ ಮೂರು

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದು, ಬನ್ನಿ ಗಿಡದ ಬುಡಕ್ಕೆ ಕಂಬಳಿ ಹಾಸಿ ಊಟಕ್ಕೆ ಕೂತಿದ್ದೆವು. ಕಾಕು ಬುಟ್ಟಿ ಬಿಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕಾಳುಪಲ್ಯೆ ಬಡಿಸಿ, ಕಡೆಗೆ ಎಣಗಾಯಿಯ ಪಾತೇಲಿ ತೆಗೆದಳು. ಸರಿಯಾಗಿ ಅದೇ ಹೊತ್ತಿಗೆ ಕಾಕಾ ಘೋಷಣೆ ಮಾಡಿದ.

"ಈ ಸೀಮ್ಯಾಗ ಯಾರರೆ ಕುಲಾಂತರಿ ಬದನಿ ಹಚ್ಚಿದ್ರ ಹೋಗಿ ಕೀಳಾಂವ ನಾನ. ಕಲ್ಲಿಲ್ಲ, ಕಟಗಿಲ್ಲ. ಗಾಂಧೀಜಿ ಫೋಟೋ ಇಟ್ಟು ಬರೇ ಕೈಲೆ ಕೀಳತೇನಿ. ಕಿತ್ತು ಅಲ್ಲೇ ಕುಂದರತೇನಿ, ಪೊಲೀಸ್ರು ಬರೂತನಕ."

ಕುಲಾಂತರಿ ಅಂದರೆ ಬೇರೆ ಜೀವಿಯ ವಂಶವಾಹಿ ಸೇರಿಸಿದ ತಳಿ. ಕಾಕಾ ಈ ವಿಷಯದಲ್ಲಿ ಹೊಸಬನಲ್ಲ. ಅವನ ಹೆಗಲ ಮೇಲಿನ ಹಸಿರು ಟವೆಲ್ಲಿಗೆ ನನಗಿಂತ ಹೆಚ್ಚು ವಯಸ್ಸು. ಬೆಳಗಾವಿಯಲ್ಲಿ ಅಧಿವೇಶನ ಶುರುವಾದರೆ ಸಾಕು, ಕರೆಯದಿದ್ದರೂ ಹೋಗುತ್ತಾನೆ. ಸುವರ್ಣ ವಿಧಾನಸೌಧದ ಕಡೆ ನಾಲ್ಕು ಹೆಜ್ಜೆ ಹಾಕುತ್ತಾನೆ, ಪೊಲೀಸರು ಎತ್ತಿ ಬಸ್ಸಿಗೆ ಹಾಕುತ್ತಾರೆ, ಉಪ್ಪಿಟ್ಟು ಕೊಡುತ್ತಾರೆ, ಸಂಜೆಗೆ ಬಿಡುತ್ತಾರೆ. ಎರಡೂ ಕಡೆಯವರಿಗೆ ಮಾಮೂಲಾಗಿರುವ ಈ ವ್ಯವಹಾರದಲ್ಲಿ ಉಪ್ಪಿಟ್ಟು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ ಎಂಬುದೊಂದೇ ಅವನ ತಕರಾರು.

ಆದರೆ ಈ ಸಲ ಕಂಬಳಿಯ ಆ ತುದಿಗೆ ಅವನ ಅಕ್ಕನ ಮಗ ಕೂತಿದ್ದ. ಜಮಖಂಡಿ ಕೋರ್ಟಿನಲ್ಲಿ ವಕೀಲ. ರೊಟ್ಟಿ ಮುರಿಯುತ್ತ, "ಮಾಮಾ, ಕೀಳೂಕಿಂತ ಮೊದಲ ರೇಟ್ ಕೇಳ್ರಿ" ಅಂದ.

ರೇಟಿಗೆ ಬರುವ ಮೊದಲು ಕಾಕಾನ ಸಿಟ್ಟಿನ ಮೂಲ ಹೇಳಿಬಿಡುತ್ತೇನೆ. ನಮ್ಮದು ರಬಕವಿ ಕಡೆ. ಊರು ಸೀರೆಗೆ ಹೆಸರಾದದ್ದು ಎಲ್ಲರಿಗೂ ಗೊತ್ತು, ಬದನೆಕಾಯಿಗೆ ಹೆಸರಾದದ್ದು ನಮಗೇ ಗೊತ್ತಿರಲಿಲ್ಲ. 2005ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಮಹಿಕೋ ಬೀಜ ಕಂಪನಿಯೂ ಒಪ್ಪಂದ ಮಾಡಿಕೊಂಡು, ಮಣ್ಣಿನ ಬ್ಯಾಕ್ಟೀರಿಯಾದ ಒಂದು ವಂಶವಾಹಿಯನ್ನು ಊರೂರ ಬದನೆಗೆ ಸೇರಿಸುವ ಕೆಲಸಕ್ಕೆ ಕೈಹಾಕಿದವು. ಕಾಯಿಕೊರಕ ಹುಳ ತಿಂದರೆ ಸಾಯಬೇಕು, ಮನುಷ್ಯ ತಿಂದರೆ ಬದುಕಬೇಕು, ಇದು ಯೋಜನೆ. ಅದಕ್ಕೆ ಆರಿಸಿಕೊಂಡ ಆರು ತಳಿಗಳ ಪಟ್ಟಿಯಲ್ಲಿ ಉಡುಪಿ ಗುಳ್ಳದ ಜೊತೆ ಬೆಳಗಾವಿ ಜಿಲ್ಲೆಯ ಕುಡಚಿ ಲೋಕಲ್ ಇತ್ತು, ನಮ್ಮ ರಬಕವಿ ಲೋಕಲ್ ಕೂಡ ಇತ್ತು. 'ಲೋಕಲ್' ಅಂದರೆ ನಮ್ಮವರು. ಲೋಕಲ್ ಜನರನ್ನು ಕೇಳುವ ಪದ್ಧತಿ ಮಾತ್ರ ಆ ಪ್ರಯೋಗಾಲಯದ ತನಕ ತಲುಪಿರಲಿಲ್ಲ.

2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಆ ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ಬದನೆಗೆ, ಅಂದರೆ ಬಿಟಿ ಬದನೆಗೆ, ಹೂಂ ಅಂದಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ಊರುಗಳಲ್ಲಿ ಸಭೆ ನಡೆಸಿ ಬೈಸಿಕೊಂಡು, 2010ರ ಫೆಬ್ರವರಿ 9ರಂದು ತಡೆ ಹಾಕಿದರು. ಆ ತಡೆ ಈಗಲೂ ಇದೆ. ಆಮೇಲೆ, ಊರ ತಳಿಗಳನ್ನು ಜೀವವೈವಿಧ್ಯ ಕಾಯ್ದೆಯ ಅನುಮತಿ ಇಲ್ಲದೆ ಬಳಸಿದ್ದಾರೆ ಎಂಬ ಆರೋಪದ ಮೇಲೆ 2012ರಲ್ಲಿ ಧಾರವಾಡದ ಕೋರ್ಟಿನಲ್ಲಿ ಕ್ರಿಮಿನಲ್ ದೂರು ದಾಖಲಾಯಿತು. ವಿಷಯ ಹೈಕೋರ್ಟ್ ಪೀಠದ ತನಕ ಹೋಯಿತು. ನಮ್ಮ ಮನೆತನದಲ್ಲಿ ಇವತ್ತಿಗೂ ಯಾರೂ ಹೈಕೋರ್ಟಿನ ಮೆಟ್ಟಿಲು ಹತ್ತಿಲ್ಲ, ನಮ್ಮ ಹಿತ್ತಲ ಬದನೆಕಾಯಿ ಹತ್ತಿತು. ಪುಸ್ತಕದ ಬದನೆಕಾಯಿ ಪಲ್ಯಕ್ಕೆ ಬರುವುದಿಲ್ಲ ಅನ್ನುತ್ತಾರೆ. ವಕಾಲತ್ತಿಗೆ ಧಾರಾಳ ಬರುತ್ತದೆ.

ಈಗ ರೇಟು.

"ಬ್ಯಾರೇದವ್ರ ಹೊಲಕ್ಕ ಕಾಲಿಟ್ರ ಅತಿಕ್ರಮ ಪ್ರವೇಶ, ಮೂರು ತಿಂಗಳ ತನಕ ಜೈಲು. ಗಿಡ ಕಿತ್ರ ಕಿಡಿಗೇಡಿತನ, ಆರು ತಿಂಗಳು. ನುಕ್ಸಾನಿ ಇಪ್ಪತ್ತು ಸಾವಿರ ಮುಟ್ಟಿದ್ರ ಎರಡು ವರ್ಷ. ಲಕ್ಷ ಮುಟ್ಟಿದ್ರ ಐದು."

"ಬದನಿ ಗಿಡಕ್ಕ ಲಕ್ಷ ಯಾರು ಹೇಳತಾರೋ?"

"ದೂರು ಕೊಟ್ಟಾಂವ ಹೇಳತಾನ್ರಿ. ಗಿಡದಾಗ ಸಂಶೋಧನಾ ಐತಿ ಅಂತಾನ."

ಕಾಕಾ ತಾಟಿನಲ್ಲಿದ್ದ ಎಣಗಾಯಿಯನ್ನು ಹೊಸದಾಗಿ ನೋಡಿದ. ಅದರಲ್ಲಿ ಶೇಂಗಾ ಪುಡಿ, ಗುರೆಳ್ಳು, ಹುಣಸೆ, ಒಂದಿಷ್ಟು ಬೆಲ್ಲ ಇದ್ದದ್ದು ಗೊತ್ತಿತ್ತು.

"ಮತ್ತ ಐದು ಮಂದಿ ಕೂಡಿ ಹೋದ್ರ ಅಕ್ರಮ ಕೂಟ ಆಕ್ಕೈತ್ರಿ. ಅದಕ್ಕ ಬ್ಯಾರೆ ಆರು ತಿಂಗಳು. ನಾಕು ಮಂದೀನ ಹೋಗ್ರಿ."

"ಗಾಂಧೀಜಿ ದಂಡಿಗೆ ಹೊಂಟಾಗ ಸಂಗತಿ 78 ಮಂದಿ ಇದ್ರಲ್ಲೋ!"

"ಅದಕ್ಕ ಅವ್ರನ್ನ ಒಳಗ ಹಾಕಿದ್ರಲ್ರಿ."

ಇದೆಲ್ಲ ಭಾರತೀಯ ನ್ಯಾಯ ಸಂಹಿತೆ. 2024ರ ಜುಲೈ 1ರಿಂದ ಜಾರಿ. ಹೆಸರು ಬದಲಾಯಿತು, ಕಲಮಿನ ನಂಬರು ಬದಲಾಯಿತು, ಗಿಡ ಕಿತ್ತವನಿಗೆ ಜೈಲು ಮಾತ್ರ ತಪ್ಪಲಿಲ್ಲ. ಅದಕ್ಕೆ ಸರಿಯಾಗಿ ಮೂರು ತಿಂಗಳ ಹಿಂದೆ ಇನ್ನೊಂದು ಘಟನೆ ನಡೆದಿತ್ತು. ಅನುಮತಿ ಇಲ್ಲದ ಕುಲಾಂತರಿ ಬೆಳೆ ಬಿತ್ತಿದರೆ ಪರಿಸರ ಸಂರಕ್ಷಣಾ ಕಾಯ್ದೆಯಡಿ ಐದು ವರ್ಷದ ತನಕ ಜೈಲಿತ್ತು ನೋಡಿ, ಅದನ್ನು ತೆಗೆದು ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿ ದಂಡ ಮಾಡಿದರು. ಆ ದಂಡವನ್ನೂ ಕಟ್ಟದಿದ್ದರೆ ಮಾತ್ರ ಮತ್ತೆ ಜೈಲಿನ ಮಾತು. ಅನುಮತಿ ಇಲ್ಲದೆ ಊರ ತಳಿ ಒಯ್ದರೆ ಜೀವವೈವಿಧ್ಯ ಕಾಯ್ದೆಯಲ್ಲಿದ್ದ ಐದು ವರ್ಷದ ಜೈಲನ್ನೂ ತೆಗೆದು ದಂಡವನ್ನಷ್ಟೇ ಇಟ್ಟರು. ಎರಡೂ ಜಾರಿಗೆ ಬಂದದ್ದು ಒಂದೇ ದಿನ, 2024ರ ಏಪ್ರಿಲ್ 1. ದಿನಾಂಕ ನಾನು ಇಟ್ಟದ್ದಲ್ಲ, ಸರ್ಕಾರದ್ದೇ. ಜೈಲು ತೆಗೆದು ದಂಡ ಇಟ್ಟ ಮೊದಲನೆಯ ತಿದ್ದುಪಡಿ ಬಂದ ಕಾನೂನಿನ ಹೆಸರು ಜನ ವಿಶ್ವಾಸ. ಯಾವ ಜನ, ಎಷ್ಟು ವಿಶ್ವಾಸ ಎಂದು ವಕೀಲ ಬಿಡಿಸಿ ಹೇಳಲಿಲ್ಲ.

ಅಂದರೆ ಲೆಕ್ಕ ಹೀಗೆ. ಕದ್ದು ಬಿತ್ತಿದವನಿಗೆ ಪಾವತಿ ಚೀಟಿ, ಕಿತ್ತವನಿಗೆ ಕೈಕೋಳ.

"ಮತ್ತ ಹುಟ್ಟದ ಬೀಜ ಮಾರಿದವಗ?" ಕಾಕು ಕೇಳಿದಳು. ಒಂದು ವರ್ಷ ಮೂರು ಸಲ ಬಿತ್ತಿ ಮೂರೂ ಸಲ ಏಳದೆ ಹೋದ ಬೀಜದ ಪಾಕೀಟನ್ನು ಅವಳು ಇನ್ನೂ ಗೂಟಕ್ಕೆ ಸಿಕ್ಕಿಸಿ ಇಟ್ಟಿದ್ದಾಳೆ.

"1966ರ ಬೀಜ ಕಾಯ್ದಿ ಪ್ರಕಾರ ಮೊದಲನೇ ಸಲ ಸಿಕ್ರ ಐನೂರು ರೂಪಾಯಿ ತನಕ ದಂಡ, ಅತ್ತಿ."

ಐನೂರು. ಒಂದು ಪಾಕೀಟು ಬಿಟಿ ಹತ್ತಿ ಬೀಜಕ್ಕೆ 2025ರ ಹಂಗಾಮಿಗೆ ಸರ್ಕಾರ ಕಟ್ಟಿದ ಗರಿಷ್ಠ ಬೆಲೆ 901 ರೂಪಾಯಿ. ಒಂದೇ ಪಾಕೀಟು ಮಾರಿದ ದುಡ್ಡಿನಲ್ಲಿ ದಂಡ ಕಟ್ಟಿ, ಉಳಿದ 401ರಲ್ಲಿ ಖಾನಾವಳಿಗೆ ಹೋಗಿ ಬರಬಹುದು. 

ವಕೀಲನಿಗೆ ಊಟ ಸೇರುತ್ತಿತ್ತು, ಮಾತೂ ಸೇರುತ್ತಿತ್ತು. ಕಿತ್ತ ಮೇಲಿನದನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿದ. ಮೊದಲು ಪಂಚನಾಮೆ. ಪಂಚರಾಗಿ ಸಹಿ ಹಾಕಲು ಯಾರೂ ಮುಂದೆ ಬರದೆ, ದಾರಿಯಲ್ಲಿ ಹೊರಟ ಕುರಿ ಕಾಯುವವನನ್ನು ನಿಲ್ಲಿಸುತ್ತಾರೆ. ಜಪ್ತಿ ಮಾಡಿದ ಮಾಲಿಗೆ ಪೊಲೀಸರ ಭಾಷೆಯಲ್ಲಿ ಮುದ್ದೆಮಾಲು. 'ಮುದ್ದೆಮಾಲು: ಬದನಿ ಗಿಡ ಮೂರು, ಬೇರು ಸಹಿತ, ಹೂವು ಸಹಿತ, ಅಂದಾಜು ಕಿಮ್ಮತ್ತು ಇಪ್ಪತ್ತೊಂದು ಸಾವಿರ.' ಗಿಡಗಳನ್ನು ಗೋಣಿಚೀಲದಲ್ಲಿ ಸುತ್ತಿ, ಅರಗಿನ ಸೀಲು ಹಾಕಿ, ಠಾಣೆಯ ಮೂಲೆಯಲ್ಲಿ ಜಪ್ತಿ ಬೈಕುಗಳ ನಡುವೆ ಇಡುತ್ತಾರೆ. ಹೊಸದಾಗಿ ಬಂದ ಕಾನ್‌ಸ್ಟೇಬಲ್ ರೈತನ ಮಗ. ಗಿಡ ಬಾಡುವುದನ್ನು ನೋಡಲಾರದೆ ನೀರು ಹಾಕುತ್ತಾನೆ. ಮುದ್ದೆಮಾಲಿನ ಸ್ವರೂಪ ಬದಲಿಸಿದ್ದಕ್ಕೆ ಅವನಿಗೆ ಮೆಮೊ. ಮೂರನೇ ವರ್ಷ ಸಾಕ್ಷಿ ವಿಚಾರಣೆಗೆ ಚೀಲ ಬಿಚ್ಚಿದರೆ ಒಳಗೆ ಒಂದು ಹಿಡಿ ಕಸ. ಇದು ಕುಲಾಂತರಿ ಬದನೆಯೋ ಕುಡಚಿ ಬದನೆಯೋ ಎಂದು ಸಾಹೇಬರು ಕೇಳುತ್ತಾರೆ. ಪ್ರಯೋಗಾಲಯದ ವರದಿ ಬರಬೇಕು. ಮುಂದಿನ ತಾರೀಖು.

"ಜಾಮೀನಿಗೆ ಹೊಲದ ಉತಾರ ಬೇಕಲ್ಲ," ಕಾಕಾ ಈಗ ಸಣ್ಣ ದನಿಯಲ್ಲಿ ಕೇಳಿದ. "ನಂದು ಸಾಲಕ್ಕ ಸೊಸಾಯ್ಟ್ಯಾಗೈತಿ."

"ಅದಕ್ಕ ಮಾಮಾ, ರೇಟ್ ಕೇಳ್ರಿ ಅಂದಿದ್ದು."

ಕಾಕಾನಿಗೆ ಪ್ರೊಫೆಸರ್ ನೆನಪಾದರು. ಎಂ.ಡಿ. ನಂಜುಂಡಸ್ವಾಮಿ ಕಾನೂನು ಕಲಿಸುತ್ತಿದ್ದ ಮೇಷ್ಟ್ರು. 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಅಮೆರಿಕದ ಬೀಜ ಕಂಪನಿ ಮೊನ್ಸಾಂಟೋದ ಬಿಟಿ ಹತ್ತಿ ಪ್ರಯೋಗದ ತಾಕುಗಳನ್ನು ರೈತ ಸಂಘದವರು ಕಿತ್ತು ಸುಟ್ಟದ್ದು ಅವರ ನಾಯಕತ್ವದಲ್ಲಿ. ಗುಟ್ಟಿನಲ್ಲಿ ಅಲ್ಲ, ಮೊದಲೇ ಪತ್ರಿಕೆಯವರಿಗೆ ಹೇಳಿ, ಹಗಲು ಹೊತ್ತಿನಲ್ಲಿ. ಅದಾಗಿ ನಾಲ್ಕು ವರ್ಷ ತುಂಬುವುದರೊಳಗೆ, 2002ರ ಮಾರ್ಚಿನಲ್ಲಿ, ಕೇಂದ್ರ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು. ಸುಟ್ಟಾಗ ಅಪರಾಧಕ್ಕೆ ಕಾರಣವಾದ ಬೆಳೆ ಈಗ ಎಲ್ಲರ ಹೊಲದಲ್ಲಿದೆ. ಎಲ್ಲರ ಅಂದರೆ ಕಾಕಾನ ಹೊಲದಲ್ಲೂ. ಇದನ್ನು ಅವನ ಎದುರಿಗೆ ಎತ್ತುವಂತಿಲ್ಲ, ಎತ್ತಿದರೆ ರೊಟ್ಟಿ ಬುಟ್ಟಿ ಆ ಕಡೆ ಸರಿಯುತ್ತದೆ.

ಆಗಿನ ಬಿಟಿ ಹತ್ತಿ ಪಾಕೀಟಿನ ಜೊತೆ 120 ಗ್ರಾಮಿನ ಇನ್ನೊಂದು ಚಿಕ್ಕ ಪಾಕೀಟು ಬರುತ್ತಿತ್ತು. ಬಿಟಿ ಅಲ್ಲದ ಬೀಜ. ಹೊಲದ ಸುತ್ತ ಅದನ್ನು ಬಿತ್ತಬೇಕು, ಹುಳಗಳು ಅಲ್ಲಿ ತಿಂದುಕೊಂಡಿದ್ದರೆ ಒಳಗಿನ ಬಿಟಿಯ ವಿಷಕ್ಕೆ ಒಗ್ಗಿಕೊಳ್ಳುವುದು ತಡವಾಗುತ್ತದೆ ಎಂದು ನಿಯಮ. ಹುಳಕ್ಕೆ ಹೊಲ ಬಿಟ್ಟುಕೊಡಬೇಕೆಂದರೆ ಯಾವ ರೈತ ಕೇಳುತ್ತಾನೆ? ನಮ್ಮ ಮನೆಯಲ್ಲಿ ಆ ಪಾಕೀಟು ನೇರ ತಿಪ್ಪೆಗೆ ಹೋಯಿತು. ಗುಲಾಬಿ ಕಾಯಿಕೊರಕ ಕೆಲವೇ ವರ್ಷದಲ್ಲಿ ಬಿಟಿಯನ್ನು ಅರಗಿಸಿಕೊಂಡಿತು. 2010ರಲ್ಲಿ ಮೊನ್ಸಾಂಟೋ ಕಂಪನಿಯೇ ಗುಜರಾತಿನಲ್ಲಿ ಹಾಗಾಗಿದೆಯೆಂದು ಒಪ್ಪಿತು. ನನ್ನ ಮಟ್ಟಿಗೆ ಈ ದೇಶದಲ್ಲಿ ಕುಲಾಂತರಿ ವಿರುದ್ಧ ಗೆದ್ದ ಅಸಹಕಾರ ಚಳವಳಿ ಅದೊಂದೇ. ಗುಂಪು ಕಟ್ಟಿಕೊಂಡು ಹೋಯಿತು, ಅತಿಕ್ರಮ ಪ್ರವೇಶ ಮಾಡಿತು, ಕೋಟಿಗಟ್ಟಲೆ ನುಕ್ಸಾನಿ ಮಾಡಿತು. ಒಂದು ಎಫ್‌ಐಆರ್ ಇಲ್ಲ.

"ಇಂಗ್ಲೆಂಡಿನಾಗ ಒಂದು ಕೇಸ್ ಆಗೇತಿ," ವಕೀಲ ಸಮಾಧಾನಕ್ಕೆ ಹೇಳಿದ. 1999ರ ಜುಲೈನಲ್ಲಿ ನಾರ್ಫೋಕ್ ಎಂಬಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್‌ನ 28 ಮಂದಿ ಕುಲಾಂತರಿ ಗೋವಿನಜೋಳದ ಹೊಲಕ್ಕೆ ನುಗ್ಗಿ ಬೆಳೆ ಕತ್ತರಿಸಿದರು. ಮುಂದಾಳು ಲಾರ್ಡ್ ಮೆಲ್ಚೆಟ್, ಅಂದರೆ ಸಾಕ್ಷಾತ್ ಸಾಹುಕಾರ. ಪರಾಗ ಹಾರಿ ಅಕ್ಕಪಕ್ಕದ ಹೊಲ ಕೆಡದಿರಲಿ ಎಂದು ಕತ್ತರಿಸಿದೆವು ಅಂದರು. 2000ದ ಸೆಪ್ಟೆಂಬರಿನಲ್ಲಿ ನಾರ್ವಿಚ್ ಕೋರ್ಟಿನ ಜ್ಯೂರಿ ಎಲ್ಲರನ್ನೂ ಬಿಟ್ಟುಬಿಟ್ಟಿತು.

"ಜ್ಯೂರಿ ಅಂದ್ರ?"

"ಊರ ಹನ್ನೆರಡು ಮಂದಿ ಕುಂತು ಹೇಳೂದ್ರಿ, ತಪ್ಪು ಐತೋ ಇಲ್ಲೋ ಅಂತ."

"ಹಂಗಾರ ನನ್ನ ಕೇಸು ಆ ಊರಿಗೆ ವರ್ಗಾ ಮಾಡ್ಸೋ."

"ಇಲ್ಲಿ ಜ್ಯೂರಿ ತಗದು ಎಷ್ಟೋ ವರ್ಷ ಆತ್ರಿ ಮಾಮಾ."

ಅಷ್ಟು ದೂರ ಯಾಕೆ, ಮಹಾರಾಷ್ಟ್ರಕ್ಕೆ ಹೋಗೋಣ. 2019ರ ಜೂನಿನಲ್ಲಿ ಅಕೋಲಾ ಜಿಲ್ಲೆಯಲ್ಲಿ ಶೇತಕರಿ ಸಂಘಟನೆ ಎಂಬ ರೈತ ಸಂಘದವರು ಸತ್ಯಾಗ್ರಹ ಮಾಡಿದರು. ಕೀಳುವುದಕ್ಕಲ್ಲ, ಬಿತ್ತುವುದಕ್ಕೆ! ಕಳೆನಾಶಕ ಹೊಡೆದರೂ ಸಾಯದ, ಅನುಮತಿ ಇಲ್ಲದ ಹತ್ತಿಯನ್ನು ಕ್ಯಾಮೆರಾದ ಎದುರೇ ಬಿತ್ತಿದರು. ಹೊಸ ತಂತ್ರಜ್ಞಾನ ರೈತನ ಹಕ್ಕು ಅಂದರು. ಅವರ ಮೇಲೂ ಕೇಸಾಯಿತು. ಕೀಳುವವರೂ ಗಾಂಧೀಜಿಯ ದಾರಿ ಅನ್ನುತ್ತಾರೆ, ಬಿತ್ತುವವರೂ ಗಾಂಧೀಜಿಯ ದಾರಿ ಅನ್ನುತ್ತಾರೆ. ಅದೇ ವರ್ಷ ಹರಿಯಾಣದ ಫತೇಹಾಬಾದಿನಲ್ಲಿ ಕದ್ದು ಬೆಳೆದ ಬಿಟಿ ಬದನೆ ಸಿಕ್ಕಾಗ ಅಧಿಕಾರಿಗಳೇ ನಿಂತು ಕಿತ್ತು ಹಾಕಿಸಿದರು. ಸರ್ಕಾರ ಕಿತ್ತರೆ ಅದಕ್ಕೆ ವಿಲೇವಾರಿ ಎಂದು ಹೆಸರು.

ಕಾಕಾ ಬಹಳ ಹೊತ್ತು ಸುಮ್ಮನಿದ್ದ. ಮಜ್ಜಿಗೆ ಕುಡಿದ. ಆಮೇಲೆ ಮುಖ ಅರಳಿತು.

"ಹಿಂಗ್ ಮಾಡಿದ್ರ? ನನ್ನ ಹೊಲ. ನಾನ ಎಲ್ಲಿಂದರೆ ತಂದು ಹಚ್ಚತೇನಿ. ನಾನ ಕೀಳತೇನಿ. ಅತಿಕ್ರಮ ಇಲ್ಲ, ನುಕ್ಸಾನಿ ಇಲ್ಲ, ಅಕ್ರಮ ಕೂಟ ಇಲ್ಲ, ಒಬ್ಬನ ಇದ್ದೇನಿ. ಫೋಟೋದಾಗ ಗಾಂಧೀಜಿ ಇದ್ರೂ ಇಬ್ಬರ. ಪೇಪರಿನಾಗ ಸುದ್ದಿ ಬರತೈತಿ. ಏನಂತಿ?"

ವಕೀಲ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ವಿಚಾರ ಮಾಡಿದ.

"ಹಚ್ಚಿದ್ದಕ್ಕ ಹತ್ತು ಸಾವಿರದಿಂದ ಹದಿನೈದು ಲಕ್ಷ ದಂಡ."

"ಆತು. ಕಿತ್ತಿದ್ದಕ್ಕ?"

"ಕಿತ್ತಿದ್ದಕ್ಕ ಸಾಕ್ಷ್ಯ ನಾಶ ಅಂತ ಇನ್ನೊಂದು ಕಲಂ ಹಚ್ಚತಾರ್ರಿ."

ಕಾಕು ಪಾತೇಲಿಯ ತಳ ಕೆರೆದು, ಉಳಿದ ಒಂದೇ ಒಂದು ಬದನೆಕಾಯಿಯನ್ನು ತೊಟ್ಟು ಹಿಡಿದು ಎತ್ತಿದಳು. "ಇದೊಂದು ಉಳದೈತಿ, ಯಾರಿಗೆ ಹಾಕ್ಲಿ?" ಅಂದಳು. ಕಾಕಾ ವಕೀಲನ ಮುಖ ನೋಡಿದ. ವಕೀಲ ತಾಟು ಮುಂದೆ ಸರಿಸಿ, ಹಾಕಿಸಿಕೊಂಡು, ರೊಟ್ಟಿಯಲ್ಲಿ ಮಡಚಿ ತೊಟ್ಟು ಸಹಿತ ಬಾಯಿಗಿಟ್ಟ.